ಚಾಲಕಿಯ ಹಿಂದಿನ ಸೀಟು

ತನ್ನನ್ನು ಕೆಲಸದಿಂದ ತೆಗೆಸಲು ಹೊರಟವನು ನೆಸ್ತೋರನೇ ಎಂದು ಮಿರ್ತಾಗೆ ಖಾತ್ರಿಯಾಗಿತ್ತು.

ಉರುಗ್ವೆಯ ಸಾಲ್ತೊ ಊರಿನಲ್ಲಿ ಪುಟ್ಟ ಫುಟ್‌ಬಾಲ್ ಕ್ಲಬ್ಬೊಂದರ ಬಸ್ಸು ಓಡಿಸುವವಳು ಅವಳು. ಅವನು ಹೊಸದಾಗಿ ಬಂದ ಮಿಡ್‌ಫೀಲ್ಡರ್. ಪೆರು, ಚಿಲಿ, ಬೊಲಿವಿಯಾ ಎಂದು ಕ್ಲಬ್ಬಿಂದ ಕ್ಲಬ್ಬಿಗೆ ಅಲೆದು ಕಿವಿಯ ಬಳಿ ಕೂದಲು ನರೆಸಿಕೊಂಡಿದ್ದ. ಬಸ್ಸಿನಲ್ಲಿ ಸದಾ ಅವಳ ಹಿಂದಿನ ಸೀಟು. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕರೆ ತಟ್ಟನೆ ಕಿಟಕಿಯತ್ತ ತಿರುಗುತ್ತಿದ್ದ. ಈಗ ಡ್ರೈವರ್ ವಿಷಯಕ್ಕೆ ಮ್ಯಾನೇಜರ್ ಜೊತೆ ಜಗಳವಾಡಿದನಂತೆ.

ಅಭ್ಯಾಸ ಮುಗಿಸಿ ಬೂಟು ಬಿಚ್ಚುತ್ತಿದ್ದವನ ಮುಂದೆ ಮಿರ್ತಾ ಹೋಗಿ ನಿಂತಳು.

"ನನ್ನ ಡ್ರೈವಿಂಗಲ್ಲಿ ಏನ್ರೀ ತಪ್ಪು ಕಂಡಿದ್ದು ನಿಮಗೆ?"

ಅವನ ಕಿವಿ ಕೆಂಪಾಯಿತು. "ಡ್ರೈವಿಂಗ್ ಬಗ್ಗೆ ಅಲ್ಲ. ಹೊರಗೂರಿಗೆ ಹೋದಾಗ ನಮಗೆಲ್ಲ ಹೋಟೆಲ್ ರೂಮು, ನೀವು ಮಾತ್ರ ಬಸ್ಸಲ್ಲೇ ಮಲಗ್ತೀರಿ. ಅದು ಸರಿಯಿಲ್ಲ ಅಂದೆ, ಅಷ್ಟೇ."

ಬೈಯಲೆಂದೇ ಬಂದಿದ್ದ ಮಿರ್ತಾ ಅವನ ಪಕ್ಕದಲ್ಲೇ ಕುಳಿತಳು.

ಆಮೇಲೆ ಬಸ್ಸು ನಿಂತಲ್ಲೆಲ್ಲ ಇಬ್ಬರೂ ಒಂದೇ ಸೋರೆಬುರುಡೆಯಿಂದ 'ಮಾತೆ' ಎಂಬ ಆ ಕಡೆಯ ಬಿಸಿ ಚಹಾ ಹೀರುವುದು ರೂಢಿಯಾಯಿತು. ಪಾಸ್ ಕೊಡೋದು ಬಿಟ್ಟು ಒಂದು ಗೋಲಾದರೂ ಹೊಡೀರಿ ಎಂದು ಅವಳು ಕೆಣಕಿದರೆ, ತಲುಪಿಸುವುದಷ್ಟೇ ತನ್ನ ಕೆಲಸ, ನಿಮ್ಮದೂ ಅದೇ ಅಲ್ಲವೇ ಎಂದು ಅವನು ನಗುತ್ತಿದ್ದ. ಆ ನಗು ನೋಡಲೆಂದೇ ಅವಳು ಮತ್ತೆ ಕೆಣಕುತ್ತಿದ್ದಳು.

ಸೀಸನ್ ಮುಗಿಯುವ ಹೊತ್ತಿಗೆ ಈಕ್ವೆಡಾರಿನ ಕ್ಲಬ್ಬೊಂದು ಅವನನ್ನು ಕರೆಯಿತು. ಒಳ್ಳೇ ಅವಕಾಶ, ಹೋಗಿಬನ್ನಿ ಎಂದಳು ಮಿರ್ತಾ. ದೊಡ್ಡ ಮೈದಾನದಲ್ಲಿ ಆಡಲು ಅವನಿಗಿರುವುದು ಇದೊಂದೇ ಕೊನೆಯ ಅವಕಾಶ. ಅಡ್ಡ ನಿಲ್ಲಲು ತಾನ್ಯಾರು? ಮುಖ ಕಾಣದಿರಲೆಂದು ಬಾಗಿ ಎಂಜಿನ್ ನೋಡತೊಡಗಿದಳು.

ಹೊರಡುವ ದಿನ ಅವನು ಹೆಗಲಿಗೆ ಬ್ಯಾಗು ಹಾಕಿಕೊಂಡೇ ಬಂದ. ಅವಳು ಬಸ್ಸು ತೊಳೆಯುತ್ತಿದ್ದಳು.

"ಹೋದಲ್ಲೆಲ್ಲ ಕಾಂಟ್ರ್ಯಾಕ್ಟ್ ಮುಗಿದಾಗ ಕೈಕುಲುಕಿ, ಒಳ್ಳೇದಾಗ್ಲಿ ಅಂತ ಕಳಿಸಿದ್ರು," ಎಂದ ನೆಸ್ತೋರ್. "ಇರು ಅಂತ ಒಬ್ಬರೂ ಅನ್ಲಿಲ್ಲ, ಮಿರ್ತಾ. ನೀವೂ ಅನ್ಲಿಲ್ಲ."

ಅವಳು ಪೈಪು ಕೆಳಗಿಟ್ಟಳು. "ನಾಳೆ ನನ್ನಿಂದ ಆಟ ಹೋಯ್ತು ಅಂತ ಬೇಜಾರಾದ್ರೆ?"

"ಇಲ್ಲೂ ಬಾಲ್ ದುಂಡಗೇ ಇದೆ. ಇಲ್ಲಿನ ಕ್ಲಬ್ಬಿನೋರು ಇನ್ನೂ ಬೇಡ ಅಂದಿಲ್ಲ. ನೀವು ಹೇಳಿ."

ಮಿರ್ತಾ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವನ ಹತ್ತಿರ ಬಂದಳು.

"ಇರು," ಎಂದಳು. "ಎಲ್ಲಿಗೂ ಹೋಗ್ಬೇಡ ಕಣೋ."

ಬ್ಯಾಗು ಹೆಗಲಿಂದ ಜಾರಿ ನೀರಿಗೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.