ಮಿಕ್ಕ ಎರಡು ಗಂಟೆ

ಒಂದಾನೊಂದು ಕಾಲದಲ್ಲಿ, ಅಂದರೆ ವಿಮಾನಗಳು ಬಂದ ಮೇಲಿನ ಕಾಲದಲ್ಲೇ, ಎರಡು ಊರುಗಳಿದ್ದವು. ಸೂರ್ಯನನ್ನು ಮೊದಲು ಎಬ್ಬಿಸುವ ಊರು ಅಮ್ಮಾನ್. ಅವನನ್ನು ಕಡಲಲ್ಲಿ ಮಲಗಿಸುವ ಊರು ಕಾಸಾಬ್ಲಾಂಕಾ. ನಡುವೆ ಆರು ಗಂಟೆಯ ಹಾರಾಟ.

ಮಲಗಿಸುವ ಊರಿನ ವಿಮಾನ ನಿಲ್ದಾಣದಲ್ಲಿ ಶಾಮಾ ಪುದೀನ ಚಹಾ ಮಾರುತ್ತಿದ್ದಳು. ಹಿಂದಿನ ತಿಂಗಳಷ್ಟೇ ಅಪ್ಪನ ಮರಗೆಲಸದ ಅಂಗಡಿ ಸುಟ್ಟು ಬೂದಿಯಾಗಿತ್ತು. ಅಂದಿನಿಂದ ಎರಡೆರಡು ಪಾಳಿ. ಕಾಲು ಊದಿಕೊಂಡು, ಕಣ್ಣಲ್ಲಿ ಮರಳು ಹೊಯ್ದಂತೆ...

ಆ ಮಧ್ಯಾಹ್ನ ಅಮ್ಮಾನಿನ ವಿಮಾನದ ಪರಿಚಾರಕ ರಕಾನ್ ಅವಳೆದುರು ಕುಸಿದು ಕುಳಿತ. ಆರು ಗಂಟೆ ಹಾರಿದರೂ ಗಡಿಯಾರದಲ್ಲಿ ನಾಲ್ಕೇ ಕಳೆದಿರುತ್ತದಂತೆ. ಸೂರ್ಯನ ಹಿಂದೆ ಓಡಿಬರುವವರಿಗೆ ಎರಡು ಗಂಟೆ ಮಿಗುತ್ತದಂತೆ. ಅದನ್ನು ಎಲ್ಲಿ ಕಳೆಯಬೇಕೆಂದು ಇಲ್ಲಿಯವರೆಗೆ ಗೊತ್ತೇ ಇರಲಿಲ್ಲವಂತೆ...

ಎಷ್ಟೋ ದಿನಗಳ ಮೇಲೆ ಶಾಮಾಳ ತುಟಿ ನಗಲು ಹೊರಟಿತು.

ಅವನು ಅವಳ ಊದಿದ ಕಾಲು ನೋಡಿ ಮೆಲ್ಲಗೆ ಹೇಳಿದ, "ಅಲ್ಲಾಹ್ ನಿಮಗೆ ಆಫಿಯಾ ಕೊಡಲಿ."

ಆಫಿಯಾ... ಬೆಂಕಿ!

ಚಹಾದ ಹೂಜಿ ಧಡ್ಡನೆ ಕೆಳಗೆ ಕೂತಿತು. "ನಮ್ಮಪ್ಪಂಗೆ ಕೊಟ್ಟಿದ್ದು ಸಾಲ್ದಾ? ನಿಮ್ಮನೇಗೇ ಇಟ್ಕೊಳ್ಳಿ."

ಅವನ ಮುಖ ಬಿಳಿಚಿತು. ಅಷ್ಟರಲ್ಲಿ ವಾಪಸ್ ಹಾರಾಟದ ಕರೆ.

"ಏನು ತಪ್ಪಾಯ್ತೋ ಗೊತ್ತಿಲ್ಲ," ಎಂದ. "ಆದ್ರೆ ನಿಮ್ ಕೈಯಿಂದ ಈ ಚಹಾ ಕುಡಿದೇ ಕುಡೀತೀನಿ. ಮಾತು ಕೊಟ್ಟೆ."

ಅವನು ಹೋದ ಮೇಲೆ ನೆಲ ಒರೆಸುತ್ತಿದ್ದ ಹಾಜ್ಜಾ ತಾಮೊ ಸೊಂಟ ಹಿಡಿದುಕೊಂಡು ನಕ್ಕಳು.

"ಅಯ್ಯೋ ಹುಚ್ಚಿ, ನಾನು ಮಕ್ಕಾಗೆ ಹೋದಾಗ ಒಬ್ಳು ಹಿಂಗೇ ಅಂದಿದ್ದಕ್ಕೆ ಚಪ್ಪಲಿ ತೆಗ್ದಿದ್ದೆ ಕಣೆ. ಅರಬ್ಬಿ ಒಂದೇ ಆದ್ರೂ ಬೆಂಕಿ ಅನ್ನೋದು ನಮ್ ಕಡೆ. ಅವರ ಕಡೆ ಆಫಿಯಾ ಅಂದ್ರೆ ಆರೋಗ್ಯ. ದಣಿದೋರನ್ನ ಕಂಡಾಗ ಹಾರೈಸೋ ಮಾತು."

ಶಾಮಾ ಗಾಜಿನ ಗೋಡೆಯವರೆಗೆ ಓಡಿದಳು. ಆಗಸದಲ್ಲಿ ಒಂದು ಬಿಳಿ ಚುಕ್ಕಿ ಪೂರ್ವಕ್ಕೆ ಸರಿಯುತ್ತಿತ್ತು.

ಆಮೇಲೆ ಅಮ್ಮಾನಿನ ವಿಮಾನಗಳು ಬಂದವು. ಅವನು ಬರಲಿಲ್ಲ. ಅವನನ್ನು ಬೇರೆ ದಾರಿಗೆ ಹಾಕಿದ್ದಾರೆಂದು ಇನ್ನೊಬ್ಬ ಪರಿಚಾರಕ ಹೇಳಿದ.

ಅಲ್ಲಿಂದ ಹಾರಿಬರುವವನಿಗೆ ಎರಡು ಗಂಟೆ ಮಿಗುತ್ತದೆ... ಇಲ್ಲಿ ಕಾಯುವವಳಿಗೆ?

ಚಳಿ ಮುಗಿಯುವ ಹೊತ್ತಿಗೆ, ಒಂದು ಸಂಜೆ, ಬತ್ತಿದ ಕಣ್ಣಿನ ರಕಾನ್ ಮೇಜಿನೆದುರು ನಿಂತಿದ್ದ. ಇಬ್ಬರ ಬಾಯಿಂದಲೂ ಒಟ್ಟಿಗೇ ಮಾತು ಹೊರಟಿತು.

"ಅಲ್ಲಾಹ್ ನಿಮಗೆ ಆಫಿಯಾ ಕೊಡಲಿ," ಎಂದಳು ಅವಳು, ಅವನ ಊರಿನ ಮಾತಿನಲ್ಲಿ.

"ಅಲ್ಲಾಹ್ ಕೈ ಹಿಡೀಲಿ," ಎಂದ ಅವನು. ದುಡಿಯುವವರಿಗೆ ಅವಳ ಊರಿನವರು ಹೇಳುವುದು ಹಾಗೆಯೇ.



"ನಿಮ್ಮೂರಿನ ಪ್ರಯಾಣಿಕರೊಬ್ರು ಹೇಳ್ಕೊಟ್ರು," ಎಂದ ರಕಾನ್. "ಆಫಿಯಾ ಅಂದ್ರೆ ಇಲ್ಲಿ ಬೆಂಕಿ ಅಂತಾನೂ ಅವರೇ ಅಂದ್ರು. ಅವತ್ತಿಂದ ಆ ಪದ ಬಾಯಿಗೆ ಬಂದ್ರೆ ನಾಲಿಗೆ ಸುಡುತ್ತೆ."

"ನಾನು ಅದನ್ನೇ ದಿನಾ ಹೇಳ್ಕೋತಿದ್ದೆ. ನಿಮ್ಮ ವಿಮಾನ ಎಲ್ಲಿದೆಯೋ ಅಂತ..." ಅವಳು ಅವನೆದುರು ಒಂದು ಲೋಟ ಇಟ್ಟಳು. "ಎಷ್ಟು ಹೊತ್ತಿದೆ?"

"ಮಿಕ್ಕ ಎರಡು ಗಂಟೆ. ಆಮೇಲಿಂದು ನೀವು ಹೇಳ್ಬೇಕು ಶಾಮಾ. ದೂರ ಬಹಳ. ನನಗೂ ಸಾಕಾಗಿದೆ, ನಿಮ್ಮನ್ನ ಬಿಟ್ಟು ಹಾರೋದು."

 ಅವನ ಲೋಟದ ಪಕ್ಕದಲ್ಲಿ ತನ್ನದೂ ಒಂದು ಲೋಟ ಇಟ್ಟಳು. ಪಾಳಿಯ ನಡುವೆ ಎಂದೂ ಕೂರದವಳು, ಅವನೆದುರು ಕೂತಳು. ಹೂಜಿಯನ್ನು ಎತ್ತರಕ್ಕೆತ್ತಿ, ನೊರೆ ಬರುವಂತೆ ಸುರಿದಳು.

"ಕುಡೀರಿ. ಅಪ್ಪ ಬರೋ ಹೊತ್ತಾಯ್ತು. ಅವರನ್ನೇ ಕೇಳೀರಂತೆ."

ರಕಾನ್ ಒಂದೇ ಒಂದು ಹನಿಯನ್ನೂ ಬಿಡದಂತೆ ಕುಡಿದ.