ಐದನೇ ಉಂಡೆ

ಓಡೆಲ್ ತಾತ ರಿತ್ತಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಒಂದೇ ತುತ್ತಿಗೆ ರಿತ್ತಿ ಮಾಯ.

"ತಾತ, ಇವತ್ತೂ ತಿಂದ್ಬಿಟ್ರಾ?" ಕೌಂಟರಿನ ಹಿಂದಿನಿಂದ ಬೋಫಾ ಕೇಳಿದಳು.

"ಬೆಂಚಲ್ಲಿ ಸುಮ್ನೆ ಕೂತಿದ್ದ ಕಣಮ್ಮ," ಎಂದರು ತಾತ, ಮೀಸೆಗೆ ಅಂಟಿದ ಸಕ್ಕರೆ ಒರೆಸಿಕೊಳ್ಳುತ್ತ. "ಆಡೋನಾಗಿದ್ರೆ ತಿಂತಿರ್ಲಿಲ್ಲ."

ಲೂಪೆ ತಾತ ಕಾಫಿ ತುಳುಕುವಷ್ಟು ನಕ್ಕರು.

ನಿಜವಾದ ರಿತ್ತಿ ಬೋಫಾಳ ಅಣ್ಣ. ಅವನು ಅಂಗಡಿಯ ಹಿಂಬದಿಯಲ್ಲಿ ಮೊಣಕೈವರೆಗೆ ಮೈದಾ ಮೆತ್ತಿಕೊಂಡು ಅಪ್ಪನ ಜೊತೆ ಹಿಟ್ಟು ಲಟ್ಟಿಸುತ್ತಿದ್ದ. ತಾತ ತಿಂದದ್ದು ಒಂದು ಪುಟ್ಟ ಉಂಡೆ. ಡೋನಟ್‌ಗೆ ತೂತು ಕೊರೆದಾಗ ನಡುವೆ ಹಿಟ್ಟು ಉಳಿಯುತ್ತದಲ್ಲ, ಅದನ್ನೇ ಕರಿದು ಸಕ್ಕರೆಯಲ್ಲಿ ಹೊರಳಿಸಿದ ಉಂಡೆ.

ಬೋಫಾಳ ಮನೆಯವರ ಡೋನಟ್ ಅಂಗಡಿ ಬೆಳಗ್ಗೆ ಐದಕ್ಕೆ ತೆರೆಯುತ್ತಿತ್ತು. ಐದೂಕಾಲಿಗೆ ಕಿಟಕಿ ಪಕ್ಕದ ಮೇಜಿಗೆ ಇಬ್ಬರು ತಾತಂದಿರೂ ಹಾಜರ್. ಓಡೆಲ್ ತಾತ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರು. ಲೂಪೆ ತಾತ ಸುತ್ತಮುತ್ತಲ ಟ್ರ್ಯಾಕ್ಟರುಗಳನ್ನೆಲ್ಲ ರಿಪೇರಿ ಮಾಡಿದವರು. ಟೆಕ್ಸಸ್‌ನ ಆ ಊರಿನಲ್ಲಿ ಆಗಸ್ಟ್ ಬಂತೆಂದರೆ ಅವರಿಬ್ಬರಿಗೂ ಇದ್ದದ್ದು ಒಂದೇ ಮಾತು, ಹೈಸ್ಕೂಲಿನ ಫುಟ್‌ಬಾಲ್ ಟೀಮು. ಅದು ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್.

ಮೇಜೇ ಅವರ ಮೈದಾನ. ಜಾಮ್ ತುಂಬಿದ ಡೋನಟ್ ಚೆಂಡು ಎಸೆಯುವವನು. ಚಾಕೊಲೇಟ್ ಡೋನಟ್‌ಗಳು ಎದುರಾಳಿಗಳು. ಐದು ಉಂಡೆಗಳು ರಿಸೀವರುಗಳು, ಅಂದರೆ ಮುಂದಕ್ಕೆ ಓಡಿ ಆ ಚೆಂಡನ್ನು ಹಿಡಿಯುವವರು.

"ನಮ್ ರಿಸೀವರುಗಳು ಈ ವರ್ಷ ಭರ್ಜರಿ," ಎಂದರು ಲೂಪೆ ತಾತ. "ಮಾರ್ಕೆಲ್ ಇದಾನೆ, ಟ್ರೆಂಟ್ ಇದಾನೆ."

"ಮಾರ್ಕೆಲ್ ಸರಿ. ಟ್ರೆಂಟ್ ಕೈಗೆ ಎಣ್ಣೆ ಹಚ್ಕೊಂಡು ಬರ್ತಾನೋ ಏನೋ, ಹಿಡಿದಿದ್ದೆಲ್ಲ ಜಾರತ್ತೆ."

"ಮೂರನೆಯವನು, ನಾಲ್ಕನೆಯವನು?"

"ಪರವಾಗಿಲ್ಲ. ಆಮೇಲೆ? ಒಬ್ಬನ ಕಾಲು ಉಳುಕಿದ್ರೆ ಬೆಂಚಲ್ಲಿ ಯಾರಿದಾರೆ ಹೇಳು. ಹೋದ ವರ್ಷ ಇಡೀ ಸೀಸನ್ನಿಗೆ ಒಂದೇ ಒಂದು ಕ್ಯಾಚ್ ಹಿಡಿದೋನು."

ಆ ಒಂದೇ ಕ್ಯಾಚಿನವನೇ ರಿತ್ತಿ. ಐದನೇ ಉಂಡೆ. ವಾದ ಅಲ್ಲಿಗೆ ಬಂದಾಗಲೆಲ್ಲ ಓಡೆಲ್ ತಾತ ಅದನ್ನು ಬಾಯಿಗೆ ಹಾಕಿಕೊಂಡು ವಾದ ಮುಗಿಸುತ್ತಿದ್ದರು.

ಬೋಫಾಳಿಗೆ ಸಿಟ್ಟು ಬಂತು. ದಿನಾ ತಿಂತಾರೆ, ಇನ್ನು ಹೇಗೆ ತಿಂತಾರೋ ನೋಡೋಣ ಎಂದುಕೊಂಡಳು.

ಮರುದಿನ ಗುರುವಾರ. ಅಮ್ಮ ಆ ಕಡೆ ತಿರುಗಿದ್ದಾಗ ಬೋಫಾ ಉಂಡೆಗಳ ಟ್ರೇ ಎತ್ತಿ, ಮಡಚಿಟ್ಟ ಗುಲಾಬಿ ಡಬ್ಬಿಗಳ ರಾಶಿಯ ಹಿಂದೆ ತಳ್ಳಿದಳು.

"ಇವತ್ತು ಉಂಡೆ ಖಾಲಿ, ತಾತ."

"ಐದೂಕಾಲಿಗೇ?"

"ಐದೂಕಾಲಿಗೇ."

ತಾತಂದಿರು ಸಕ್ಕರೆ ಪೊಟ್ಟಣಗಳನ್ನು ರಿಸೀವರುಗಳಾಗಿ ನಿಲ್ಲಿಸಲು ನೋಡಿದರು. ಪೊಟ್ಟಣಗಳು ಒಂದೊಂದಾಗಿ ಮಕಾಡೆ ಬಿದ್ದವು. ವಾದವೂ ಹಾಗೇ ಬಿತ್ತು. ಓಡೆಲ್ ತಾತ ಬರೀ ಕಾಫಿ ಕುಡಿದು, ಟೋಪಿ ಹಾಕಿಕೊಂಡು ಆರಕ್ಕೆ ಮುಂಚೆಯೇ ಹೊರಟರು.

"ಬೇರೆ ಏನಾದ್ರೂ ಕೊಡ್ಲಾ, ತಾತ?" ಬೋಫಾ ಕೇಳಿದಳು.

"ಬೇಡಮ್ಮ."

ಅವರು ಹೋದ ಮೇಲೆ ಲೂಪೆ ತಾತ ಕೌಂಟರಿನ ಹತ್ತಿರ ಬಂದು ದನಿ ತಗ್ಗಿಸಿದರು. "ಅವನಿಗೆ ಸಕ್ಕರೆ ಕಾಯಿಲೆ, ಪುಟ್ಟಿ. ದಿನಕ್ಕೆ ಒಂದೇ ಉಂಡೆ ಅಂತ ಡಾಕ್ಟರು ಹೇಳಿದಾರೆ. ಆ ಒಂದು ಉಂಡೆಗೋಸ್ಕರ ಇಲ್ಲೀವರೆಗೂ ಬರ್ತಾನೆ."

ಬೋಫಾ ಒರೆಸಿದ ಕೌಂಟರನ್ನೇ ಮತ್ತೆ ಒರೆಸಿದಳು.

ಸಂಜೆ ಡಬ್ಬಿ ತೆಗೆಯಲು ಹೋದ ಅಮ್ಮನಿಗೆ ಟ್ರೇ ಸಿಕ್ಕಿತು. ಉಂಡೆಗಳು ಗೋಲಿಯ ಹಾಗೆ ಗಟ್ಟಿಯಾಗಿದ್ದವು.

"ಇದು ಯಾರ ಕೆಲಸ?"

ಬೋಫಾ ಟ್ರೇ ಕಡೆ ನೋಡದೆ ಡಬ್ಬಿಗಳನ್ನು ಎಣಿಸತೊಡಗಿದಳು. ಅಮ್ಮನಿಗೆ ಅಷ್ಟು ಸಾಕಾಯಿತು.

"ನಿನ್ನ ಅಣ್ಣ ನಾಲ್ಕು ಗಂಟೆಗೆ ಎದ್ದು ಮಾಡಿದ್ದು ಕಣೆ ಇವು. ಒಂದೊಂದನ್ನೂ ಕೈಯಲ್ಲಿ ಉರುಳಿಸಿ."

ಬೋಫಾಳ ಕಣ್ಣು ತುಂಬಿತು. ಅಣ್ಣನನ್ನು ಯಾರೂ ತಿನ್ನಬಾರದು ಅಂತ ಮಾಡಿದ್ದು, ಅಣ್ಣ ಮಾಡಿದ್ದನ್ನೇ ಯಾರೂ ತಿನ್ನದ ಹಾಗೆ ಆಗಿತ್ತು.

ಪ್ರ್ಯಾಕ್ಟಿಸ್ ಮುಗಿಸಿ ಬಂದ ರಿತ್ತಿ ಕತೆಯನ್ನೆಲ್ಲ ಕೇಳಿದ. ಗಟ್ಟಿ ಉಂಡೆಯೊಂದನ್ನು ಬಾಯಿಗೆ ಹಾಕಿ ಕಟುಮ್ ಎಂದು ಕಡಿದ.

"ಹಲ್ಲು ಹೋದ್ರೆ ನೀನೇ ಕೊಡಿಸ್ಬೇಕು," ಎಂದ.

"ಅವರು ದಿನಾ ನಿನ್ನನ್ನ ಆಡ್ಕೋತಾರೆ, ಬೊಂಗ್." ಅವರ ಮನೆಮಾತಿನಲ್ಲಿ ಅಣ್ಣನಿಗೆ ಬೊಂಗ್ ಅನ್ನುತ್ತಾರೆ. "ನಿನಗೆ ಬೇಜಾರಾಗಲ್ವಾ?"

"ಒಂದೇ ಕ್ಯಾಚ್ ಹಿಡಿದಿರೋದು ನಿಜ ತಾನೆ? ಬಾ ಇಲ್ಲಿ."

ಅವನು ಹಿಟ್ಟಿನ ಹಲಗೆಯ ಮೇಲೆ ಉಂಡೆಗಳನ್ನು ಸಾಲಾಗಿ ಇಟ್ಟ.

"ಒಂದು ಉಪಾಯದ ಆಟ ಇದೆ. ಅದನ್ನ ಆಡೋವಾಗ ಮಾತ್ರ ಕೋಚ್ ನನ್ನ ಒಳಗೆ ಕಳಿಸ್ತಾರೆ. ನಾನು ಈ ಅಂಚಲ್ಲಿ ಜೀವ ಬಿಟ್ಕೊಂಡು ಓಡ್ತೀನಿ. ಆ ಒಂದು ಕ್ಯಾಚ್ ಹಿಡಿದೆ ನೋಡು, ಅದು ತುಂಬಾ ಉದ್ದದ್ದು. ಎದುರು ಟೀಮಿನವರು ಅದನ್ನ ವೀಡಿಯೋದಲ್ಲಿ ನೋಡಿರ್ತಾರೆ. ಹೆದರ್ಕೊಂಡು ಇಬ್ಬಿಬ್ರು ನನ್ನ ಹಿಂದೆ ಬರ್ತಾರೆ. ಆಗ ನಡುವೆ ಮಾರ್ಕೆಲ್ ಒಬ್ಬನೇ."

"ಚೆಂಡು?"

"ಮಾರ್ಕೆಲ್‌ಗೆ."

"ಮತ್ತೆ ನಿನಗೆ?"

"ನನಗೆ ಬರಲ್ಲ. ಬರಲ್ಲ ಅಂತ ಅವರಿಗೆ ಗೊತ್ತಾಗಬಾರದು, ಅಷ್ಟೇ. ಬಂದೇ ಬಿಡ್ತು ಅನ್ನೋ ಹಾಗೆ ಕೈ ಚಾಚಿ ಓಡ್ಬೇಕು."

ಬೋಫಾ ಹಲಗೆಯ ಅಂಚಿನ ಉಂಡೆಯನ್ನೇ ನೋಡುತ್ತ ನಿಂತಳು.

ಶುಕ್ರವಾರ ಸಂಜೆ ಊರಿಗೆ ಊರೇ ಮೈದಾನದಲ್ಲಿತ್ತು. ಕೊನೆಯ ಎರಡು ನಿಮಿಷಕ್ಕೆ ಅವರ ಟೀಮು ನಾಲ್ಕು ಪಾಯಿಂಟ್ ಹಿಂದೆ. ಅಷ್ಟರಲ್ಲಿ ಟ್ರೆಂಟ್‌ನ ಕಾಲು ನಿಜವಾಗಿಯೂ ಉಳುಕಿತು. ಕೋಚ್ ಬೆಂಚಿನ ಕಡೆ ತಿರುಗಿ ಕೈ ಬೀಸಿದರು. ರಿತ್ತಿಯ ಎಂಬತ್ಮೂರನೇ ನಂಬರಿನ ಜೆರ್ಸಿ ಒಳಗೆ ಓಡಿತು.

ಎಲ್ಲರೂ ಚೆಂಡನ್ನು ನೋಡಿದರು. ಬೋಫಾ ನೋಡಲಿಲ್ಲ. ಅವಳು ಎಂಬತ್ಮೂರನ್ನೇ ನೋಡುತ್ತಿದ್ದಳು. ಅವನು ಅಂಚಿಗುಂಟ ಕೈ ಚಾಚಿಕೊಂಡು ಓಡಿದ. ಅವನ ಹಿಂದೆ ಎದುರು ಟೀಮಿನ ಇಬ್ಬರು ನೀಲಿ ಜೆರ್ಸಿಯವರು ಬೆನ್ನಟ್ಟಿ ಓಡಿದರು. ಇದ್ದಕ್ಕಿದ್ದಂತೆ ಸುತ್ತಲಿನವರೆಲ್ಲ ಎದ್ದು ಮಾರ್ಕೆಲ್, ಮಾರ್ಕೆಲ್ ಎಂದು ಕೂಗತೊಡಗಿದರು. ಚೆಂಡು ಹಿಡಿದ ಮಾರ್ಕೆಲ್ ಟೀಮನ್ನು ಗೆಲ್ಲಿಸಿದ್ದ. ಆ ಹೊತ್ತಿಗೆ ಅವಳ ಅಣ್ಣ ದೂರದ ಮೂಲೆಯಲ್ಲಿ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದ. ಅವನೂ ನಗುತ್ತಿದ್ದ.

ಶನಿವಾರ ಬೆಳಗ್ಗೆ ಟ್ರೇಯಲ್ಲಿ ಉಂಡೆಗಳು ಬಿಸಿಬಿಸಿಯಾಗಿದ್ದವು. ತಾತಂದಿರು ಕೇಳುವ ಮೊದಲೇ ಬೋಫಾ ತಟ್ಟೆ ತುಂಬಿಸಿ ಕಿಟಕಿ ಪಕ್ಕದ ಮೇಜಿಗೆ ಒಯ್ದಳು.

"ಗುರುವಾರ ಉಂಡೆ ಇದ್ವು, ತಾತ. ನಾನೇ ಬಚ್ಚಿಟ್ಟಿದ್ದೆ."

ಓಡೆಲ್ ತಾತ ಕನ್ನಡಕದ ಮೇಲಿನಿಂದ ನೋಡಿದರು. "ಗೊತ್ತಿತ್ತು ಬಿಡು. ಡಬ್ಬಿ ರಾಶಿಯಿಂದ ಸಕ್ಕರೆ ವಾಸನೆ ಬರ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿನ್ನ ಅಮ್ಮ ಅಲ್ಲೇ ಇದ್ದಳಲ್ಲ," ಎಂದರು ತಾತ. ಅಷ್ಟು ಹೇಳಿ ಡೋನಟ್‌ಗಳನ್ನು ಜೋಡಿಸಲು ಕುಳಿತರು. "ಈಗ ನೋಡು ಲೂಪೆ. ಮಾರ್ಕೆಲ್ ಇಲ್ಲಿ ಹಿಡಿದ. ಅವನ ಸುತ್ತ ಒಬ್ಬನೂ ಇಲ್ಲ. ಯಾಕೆ?"

"ನೀಲಿಯೋರು ನಿದ್ದೆ ಹೋಗಿದ್ರು."

"ಹನ್ನೊಂದು ಜನಾನೂ? ನೋಡು, ನನ್ನ ಕೈಲಿ ಎರಡು ಚಾಕೊಲೇಟ್ ಉಳ್ಕೊಂಡಿವೆ. ಇವನ್ನೆಲ್ಲಿಡಲಿ?"

ಲೂಪೆ ತಾತ ತಲೆ ಕೆರೆದುಕೊಂಡರು.

ಬೋಫಾ ತಟ್ಟೆಯಿಂದ ಒಂದು ಉಂಡೆ ತೆಗೆದಳು. ಮೇಜಿನ ಅಂಚಿಗುಂಟ ಅದನ್ನು ಉರುಳಿಸಿಕೊಂಡು ಹೋಗಿ ತುದಿಯಲ್ಲಿ ಟಿಶ್ಯೂ ಡಬ್ಬಿಯ ಹತ್ತಿರ ನಿಲ್ಲಿಸಿದಳು. ಆಮೇಲೆ ತಾತನ ಕೈಯಿಂದ ಎರಡೂ ಚಾಕೊಲೇಟ್ ಡೋನಟ್ ತೆಗೆದುಕೊಂಡು ಅದರ ಬೆನ್ನಿಗೆ ಇಟ್ಟಳು.

ತಾತಂದಿರಿಬ್ಬರೂ ಮೇಜಿನ ಮೇಲೆ ಬಾಗಿದರು.

"ಐದನೆಯವನಾ?" ಎಂದರು ಲೂಪೆ ತಾತ.

"ಐದನೆಯವನು," ಎಂದಳು ಬೋಫಾ.

"ನಾನು ಬರೀ ಚೆಂಡು ನೋಡ್ತಾ ಕೂತಿದ್ದೆ," ಎಂದರು ಓಡೆಲ್ ತಾತ, ತಮ್ಮಷ್ಟಕ್ಕೆ ತಾವೇ. ಒಂದು ಟಿಶ್ಯೂ ಎಳೆದು ಮಡಚಿ, ಅಂಚಿನ ಉಂಡೆಯನ್ನು ಹುಷಾರಾಗಿ ಎತ್ತಿ ಅದರ ಮೇಲೆ ಕೂರಿಸಿದರು. ಆಮೇಲೆ ಆ ದಿನದ ತಮ್ಮ ಒಂದೇ ಉಂಡೆ ಯಾವುದಿರಲಿ ಎಂದು ಯೋಚಿಸಿ, ಮಾರ್ಕೆಲ್‌ನನ್ನು ತಿಂದರು.

ಆಗಲೇ ರಿತ್ತಿ ಹೊಸ ಟ್ರೇ ಹೊತ್ತು ಒಳಗಿನಿಂದ ಬಂದ. ತಲೆಯಲ್ಲೆಲ್ಲ ಮೈದಾ. ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ.

"ಇದು ಯಾರಿಗೂ ಬೇಡ್ವಾ?" ಎಂದವನೇ ಟಿಶ್ಯೂ ಮೇಲಿನ ಉಂಡೆಯನ್ನು ಗುಳುಂ ಮಾಡಿದ.

ಲೂಪೆ ತಾತ ಮೇಜಿಗೆ ಹಣೆ ಇಟ್ಟುಕೊಂಡು ನಕ್ಕರು. ನಕ್ಕೂ ನಕ್ಕೂ ಓಡೆಲ್ ತಾತನ ಕಣ್ಣಲ್ಲಿ ನೀರು ಬಂತು.

"ಏನಾಯ್ತು?" ರಿತ್ತಿ ತಂಗಿಯ ಕಡೆ ನೋಡಿದ.

ಬೋಫಾಳಿಗೆ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಆಮೇಲೆ, ಮೈದಾನದ ಮೂಲೆಯಲ್ಲಿ ನಿಂತು ನಗುತ್ತಿದ್ದ ಅವನ ಮುಖ ನೆನಪಾಯಿತು.

"ಏನಿಲ್ಲ ಬೊಂಗ್," ಎಂದಳು.

ಅವನು ಟ್ರೇ ಇಟ್ಟು ಒಳಗೆ ಹೋದ. ಅವಳು ಅದರಿಂದ ಚೆನ್ನಾಗಿ ಉಬ್ಬಿದ ಒಂದು ಉಂಡೆ ಆರಿಸಿ, ಮೇಜಿನ ಅಂಚಿನಲ್ಲಿ, ಎರಡು ಚಾಕೊಲೇಟ್ ಡೋನಟ್‌ಗಳ ಮುಂದೆ ಇಟ್ಟು ಬಂದಳು.