ನಾಲ್ಕು ಕ್ಯಾಪ್ಸೂಲ್‌ಗಳ ಗುಟ್ಟು

ಇಕ್ಕಳ ಇನ್ನೇನು ಅವಳ ಬಾಯಿಯ ಹತ್ತಿರ ಬಂದಿತ್ತು. ದಂತವೈದ್ಯ ತಟ್ಟನೆ ಅದನ್ನು ಟ್ರೇಗೆ ಹಾಕಿಬಿಟ್ಟ.

“ಹೊರಗಡೆ ಕೂತು ನಾಲ್ಕು ಕ್ಯಾಪ್ಸೂಲ್ ಒಟ್ಟಿಗೆ ನುಂಗಿದ್ರಂತೆ. ಸಿಸ್ಟರ್ ಈಗಷ್ಟೇ ಹೇಳಿದ್ರು. ಹಲ್ಲು ಕೀಳಿಸೋಕೆ ಮುಂಚೆ ಹಾಗೆ ನುಂಗೋರು ಹಾರ್ಟ್ ಪೇಷಂಟ್‌ಗಳು. ಫಾರಂನಲ್ಲಿ ನೋಡಿದ್ರೆ ಯಾವ ಕಾಯಿಲೆನೂ ಇಲ್ಲ ಅಂತ ಬರ್ದಿದೀರಿ.”

ಅವಳು ಕುರ್ಚಿಯಲ್ಲಿ ಎದ್ದು ಕೂತಳು. ಇವನು ಯಾರ್ಯಾರಿಗೆ ಹೇಳುತ್ತಾನೋ...

ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅವಳ ಹೃದಯದ ಕವಾಟವೊಂದನ್ನು ಕೆಡಿಸಿತ್ತು. ಅಂದಿನಿಂದ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್. ವಿಷಯ ಕಿವಿಯಿಂದ ಕಿವಿಗೆ ಹೋಗಿ ಮದುವೆಯ ಎರಡು ಸಂಬಂಧಗಳು ಮುರಿದ ಮೇಲೆ ಅವಳು ಎಲ್ಲಿಯೂ ಬಾಯಿಬಿಟ್ಟಿರಲಿಲ್ಲ. ಒಸಡಿನ ಕ್ರಿಮಿ ರಕ್ತಕ್ಕೆ ಸೇರಿ ಹೃದಯ ಮುಟ್ಟಬಾರದೆಂದು, ವೈದ್ಯರ ಹಳೆಯ ಚೀಟಿ ನೋಡಿ ತಾನೇ ಔಷಧಿ ನುಂಗಿ ಬಂದಿದ್ದಳು.

ವಿಧಿಯಿಲ್ಲದೆ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಅವಳು ನುಂಗಿದ್ದೂ ಪೆನ್ಸಿಲಿನ್ ಜಾತಿಯದ್ದೇ, ಸದಾ ಅದನ್ನೇ ಚುಚ್ಚಿಸಿಕೊಳ್ಳುವವರ ಬಾಯಿಯ ಕ್ರಿಮಿಗಳು ಅದಕ್ಕೆ ಜಗ್ಗದಿರಬಹುದು, ಬೇರೆ ಔಷಧಿ ಬೇಕು ಎಂದ. ಹೃದಯದ ವೈದ್ಯರನ್ನು ಕೇಳದೆ ಹಲ್ಲು ಮುಟ್ಟುವುದಿಲ್ಲವೆಂದೂ ಹೇಳಿದ.

ನಾಲ್ಕು ದಿನ ಬಿಟ್ಟು ಹಲ್ಲು ಕಿತ್ತ. ಮರುದಿನ ಫೋನ್ ಮಾಡಿ ಜ್ವರ ಬಂತೇ ಎಂದು ಕೇಳಿದ. ಆಮೇಲೆ ವಾರವಿಡೀ ಕೇಳಿದ.

ಇದೇನು, ಕನಿಕರವೋ? ಅಥವಾ ಬೇರೇನಾದರೂ ಇದೆಯೋ? ಅವಳು ಅಮ್ಮನೆದುರು ಬಾಯಿಬಿಟ್ಟೇ ಕೇಳಿದಳು.

“ಅವನು ನಿನ್ನ ಜ್ವರ ವಿಚಾರಿಸ್ತಾನೆ, ನೀನು ಪೊಲೀಸ್ ಥರ ಅವನನ್ನೇ ವಿಚಾರಿಸ್ತೀಯ” ಎಂದು ಅಮ್ಮ ನಕ್ಕಳು.

ಆಮೇಲೆ ಮೂರು ತಿಂಗಳಿಗೊಮ್ಮೆ ಒಸಡಿನ ತಪಾಸಣೆ ಶುರುವಾಯಿತು. ಹಲ್ಲಿನ ಮಾತು ಮುಗಿದರೂ ಬೇರೆ ಮಾತು ಮುಗಿಯುತ್ತಿರಲಿಲ್ಲ. ಆ ದಿನಕ್ಕಾಗಿ ತಾನು ಕಾಯುತ್ತಿದ್ದೇನೆಂದು ತಿಳಿದಾಗ ಅವಳಿಗೆ ಹೆದರಿಕೆಯೇ ಆಯಿತು.

ಮೂರನೆಯ ಸಲ ಹೋದಾಗ ಅವನು ಒಂದು ಲಕೋಟೆ ಕೊಟ್ಟ. ಇನ್ನು ಮುಂದೆ ಪಕ್ಕದ ಬೀದಿಯ ಡಾಕ್ಟರಮ್ಮನ ಹತ್ತಿರ ತೋರಿಸಿಕೊಳ್ಳಿ, ವಿವರವೆಲ್ಲ ಇದರಲ್ಲಿದೆ ಎಂದ.

ಓಹೋ... ಇವನೂ ಅಷ್ಟೇ. ಆ ಎರಡು ಮನೆಯವರೂ ಹೀಗೆಯೇ ನಯವಾಗಿ ಸಾಗಹಾಕಿದ್ದರು.

“ನನ್ನ ಹಾರ್ಟ್ ನೋಡಿ ಭಯ ಆಯ್ತಾ ಡಾಕ್ಟ್ರೇ?”

ಅವನು ಮಾಸ್ಕ್ ತೆಗೆದ. ಕಿವಿಗಳು ಕೆಂಪಾಗಿದ್ದವು.

“ನನ್ನ ಪೇಷಂಟ್ ಆಗಿರೋವಾಗ ನಿಮ್ಮನ್ನ ಮದುವೆ ವಿಷಯ ಕೇಳೋದು ತಪ್ಪು. ಅದಕ್ಕೇ ಮೊದಲು ಕಳಿಸ್ತಿದೀನಿ.”

ಅವಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಅನುಮಾನ ಇನ್ನೂ ಪೂರ್ತಿ ಬಿಟ್ಟುಹೋಗಿರಲಿಲ್ಲ.

“ಇದು ಕನಿಕರ ಅಲ್ಲ ತಾನೇ?”

“ಕನಿಕರ ಆಗಿದ್ರೆ ಪೇಷಂಟ್ ಆಗೇ ಇಟ್ಕೊಂಡು ನೋಡ್ಕೋತಿದ್ದೆ.”

ಅವಳು ಪತ್ರ ಬಿಡಿಸಿ ಎರಡು ಸಲ ಓದಿದಳು. ಕೆಟ್ಟ ಕವಾಟ, ಇಂಜೆಕ್ಷನ್ ತಾರೀಖು, ಕೊಡಬೇಕಾದ ಔಷಧಿ... ಎಷ್ಟು ಹುಡುಕಿದರೂ ಸಂದೇಹ ಪಡುವಂಥದ್ದು ಏನೂ ಸಿಗಲಿಲ್ಲ. ಪತ್ರ ಮಡಚುವಾಗ ಅವಳ ಕಣ್ಣು ತುಂಬಿತ್ತು.

“ಈ ಡಾಕ್ಟರಮ್ಮನ ಕೈ ಹೇಗೆ?”

“ನನಗಿಂತ ಸ್ವಲ್ಪ ಒರಟು.”

“ಹಾಗಾದ್ರೆ ಒಬ್ಬಳೇ ಹೋಗಲ್ಲ. ನೀವೂ ಬನ್ನಿ.”